ಬಲಗಡೆ ಕೆಳಮೂಲೆಯ ಬೆಕ್ಕು

ಐವತ್ತನೆಯ ಬೆಕ್ಕು ಯಾರಿಗೂ ಸಿಗಲಿಲ್ಲ. ಮೊದಲ ದಿನ ಅದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು. ಎರಡನೆಯ ದಿನ ಸ್ವಲ್ಪ ಕಸಿವಿಸಿಯಾಯಿತು. ಮೂರನೆಯ ದಿನ ಹುಬ್ಬಳ್ಳಿಯಿಂದ ಫೋನ್ ಬಂದಾಗ, ಆ ಒಂದು ಬೆಕ್ಕು ನನ್ನ ಕೆಲಸವನ್ನೇ ಕಚ್ಚಿಕೊಂಡು ಹೋಗುವುದರಲ್ಲಿದೆ ಎಂಬುದು ತಿಳಿಯಿತು.

ಕೆಲಸ ಏನೆಂದರೆ, ಮೊಬೈಲಿನಲ್ಲಿ ಬೆಕ್ಕು ಹುಡುಕುವ ಒಂದು ಆಟಕ್ಕೆ ಚಿತ್ರ ಬರೆಯುವುದು. ಬಿಳಿ ಹಿನ್ನೆಲೆಯ ಮೇಲೆ ಬರೀ ಕಪ್ಪು ಗೆರೆಗಳಲ್ಲಿ ಒಂದು ಊರಿನ ಬೀದಿ, ಆ ಬೀದಿಯೊಳಗೆ ಐವತ್ತು ಬೆಕ್ಕು. ಆಡುವವರು ಬೆಕ್ಕನ್ನು ಕಂಡು ಬೆರಳಿಟ್ಟರೆ ಅದಕ್ಕೆ ಬಣ್ಣ ತುಂಬಿಕೊಳ್ಳುತ್ತದೆ, ಸಣ್ಣದೊಂದು ಮಿಯಾಂವ್ ಕೇಳಿಸುತ್ತದೆ, ಅಷ್ಟೇ. ಗಡಿಯಾರವಿಲ್ಲ, ಹೊಡೆದಾಟವಿಲ್ಲ, ಸೋಲೂ ಇಲ್ಲ. ದಿನವೆಲ್ಲ ದುಡಿದು ಬಂದವರು ಹತ್ತು ನಿಮಿಷ ಆಡಿದರೆ ಮನಸ್ಸು ಹಗುರಾಗಬೇಕು ಎಂಬುದು ಕಂಪನಿಯವರ ಆಸೆ. ಸಿಂಧನೂರಿನ ರೈಸ್ ಮಿಲ್ ಬೀದಿ, ಮಸ್ಕಿಯ ಬಜಾರು, ಲಿಂಗಸುಗೂರಿನ ಬಸ್ ಸ್ಟ್ಯಾಂಡು, ಹೀಗೆ ಮೂರು ಚಿತ್ರ ಬೇಕಾಗಿದ್ದವು. ಮೊದಲೆರಡು ಒಪ್ಪಿಗೆಯಾದರೆ ಮಾತ್ರ ಮೂರನೆಯದು.

ನಾನು ಬೋರ್ಡ್ ಬರೆಯುವವನು. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಅಂಗಡಿಗಳ ಹೆಸರು ಬರೆದು ಬೆಳೆದ ಕೈ ಇದು. ಫ್ಲೆಕ್ಸ್ ಬಂದ ಮೇಲೆ ಬ್ರಶ್‌ಗಳು ಡಬ್ಬಿಯಲ್ಲೇ ಒಣಗಿದವು. ನಾನೂ ಒಂದು ಫ್ಲೆಕ್ಸ್ ಅಂಗಡಿ ಸೇರಿ, ಹುಟ್ಟುಹಬ್ಬದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದನ್ನೂ ಏಣಿ ಹತ್ತಿ ಕಂಬಕ್ಕೆ ಕಟ್ಟುವುದನ್ನೂ ಕಲಿತೆ. ಹಾಗೆ ಲಿಂಗಸುಗೂರಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಫ್ಲೆಕ್ಸ್ ಕಟ್ಟುತ್ತಿದ್ದಾಗ, ಅಲ್ಲಿ ಪಾಠ ಹೇಳುವ ಮೇಡಂ ಏಣಿಯ ಕೆಳಗೆ ಬಂದು ನಿಂತರು.

"ಅಣ್ಣಾರ, ಈ ಮೂಲ್ಯಾಗ ಬೆಕ್ಕು ಯಾರು ಬರದಾರ್ರಿ?"

ನನಗೆ ನಾಚಿಕೆಯಾಯಿತು. ಆ ಬೆಕ್ಕು ನನ್ನ ಹಳೆಯ ಚಟ. ಬೋರ್ಡ್ ಬರೆಯುವವರಲ್ಲಿ ಒಂದು ಪದ್ಧತಿ ಇತ್ತು: ಬೋರ್ಡನ್ನು ಯಾರೇ ಬರೆಯಲಿ, ಬಲಗಡೆ ಕೆಳಮೂಲೆಯಲ್ಲಿ ಉಸ್ತಾದರ ಹೆಸರೇ ಬರಬೇಕು. ಉಸ್ತಾದರೆಂದರೆ ಕೆಲಸ ಕಲಿಸಿದ ಗುರು, ಅಂಗಡಿಯ ಯಜಮಾನ. ಮಸ್ಕಿಯ ಗುಡ್ಡದ ಬಂಡೆಯ ಶಾಸನದಲ್ಲಿ ರಾಜನ ಹೆಸರಿದೆ ಎಂದು ಎಲ್ಲೆಲ್ಲಿಂದಲೋ ಜನ ನೋಡಲು ಬರುತ್ತಾರೆ. ಅದನ್ನು ಕೊರೆದವನ ಹೆಸರನ್ನು ಯಾರೂ ಕೇಳುವುದಿಲ್ಲ. ನಮ್ಮದೂ ಅದೇ ಕಥೆ. ಇಪ್ಪತ್ತರ ಬಿಸಿರಕ್ತ, ನನಗೆ ಅದನ್ನು ಸಹಿಸಲಾಗಲಿಲ್ಲ. ಉಸ್ತಾದರು ಚಹಾ ಕುಡಿದು ಬರುವಷ್ಟರಲ್ಲಿ ಅವರ ಹೆಸರಿನ ಮಗ್ಗುಲಲ್ಲಿ, ಹೂಬಳ್ಳಿಯ ಸುರುಳಿಯಲ್ಲೋ ಅಂಚಿನ ಗೆರೆಯಲ್ಲೋ, ಉಗುರಿನಷ್ಟು ಒಂದು ಬೆಕ್ಕು ಬರೆದುಬಿಡುತ್ತಿದ್ದೆ. ಕಂಡರೆ ಬೈಗುಳ ಗ್ಯಾರಂಟಿ. ಅವರು ಯಾವತ್ತೂ ಕಾಣಲಿಲ್ಲ ಎಂದೇ ನಾನು ನಂಬಿದ್ದೆ.

ಮೇಡಂ ಪಾಠದ ಜೊತೆಗೆ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಮೊಬೈಲ್ ಆಟಗಳ ಪ್ರೋಗ್ರಾಮ್ ಬರೆದುಕೊಡುತ್ತಿದ್ದರು. ಈ ಭಾಗದ ಬೀದಿಗಳನ್ನು ಬಲ್ಲ ಚಿತ್ರಗಾರನಿಗಾಗಿ ಹುಡುಕಾಟ ನಡೆದಿತ್ತು. ಫ್ಲೆಕ್ಸಿನ ಮೂಲೆಯ ಬೆಕ್ಕು ನನಗೆ ಕೆಲಸ ಕೊಡಿಸಿತು. ಫ್ಲೆಕ್ಸ್ ಅಂಗಡಿಯ ಮಾಲೀಕರು ಮಾತ್ರ ಕಡ್ಡಿ ತುಂಡು ಮಾಡಿದಂತೆ ಹೇಳಿದರು: "ಒಂದು ತಿಂಗಳು ನಿನ್ನ ಏಣಿ ಹಂಗ ಇಟ್ಟಿರ್ತೀನಿ. ಆಟ ಗೀಟ ಮುಗಿಸ್ಕೊಂಡು ಬಾ." ಅದಕ್ಕೇ ನನಗೆ ಹಟ ಬಂದದ್ದು. ಗೆರೆ ಎಳೆದು ಬದುಕಬೇಕು, ಮತ್ತೆ ಆ ಏಣಿ ಹತ್ತಬಾರದು. ಆ ತಿಂಗಳು ನನಗೆ ಬೇಕಾಗಿದ್ದದ್ದು ಇದೊಂದೇ.

ಸಿಂಧನೂರಿನ ಬೀದಿಯಿಂದ ಶುರು ಮಾಡಿದೆ. ಭತ್ತದ ಕೊಯ್ಲಿನ ದಿನಗಳು. ಜವಳಗೇರಾ, ತುರ್ವಿಹಾಳದ ಕಡೆಯಿಂದ ಬಂದ ಟ್ರ್ಯಾಕ್ಟರುಗಳು ಮಿಲ್ಲಿನ ಮುಂದೆ ಸಾಲುಗಟ್ಟಿದ್ದವು, ರಸ್ತೆಯ ಅರ್ಧಕ್ಕೆ ಭತ್ತ ಹರವಿತ್ತು. ಅದನ್ನೆಲ್ಲ ಮೊದಲು ಕಾಗದದ ಮೇಲೆ ಗೀಚಿಕೊಂಡು, ಆಮೇಲೆ ಮೇಡಂ ಕೊಟ್ಟ ಟ್ಯಾಬ್ಲೆಟ್ಟಿನ ಮೇಲೆ ಗಾಜಿನ ಮೇಲೆ ಜಾರುವ ಪೆನ್ನಿನಲ್ಲಿ ತಿದ್ದುತ್ತಿದ್ದೆ. ಹಿನ್ನೆಲೆ ಒಂದು ಪದರ, ಪ್ರತಿ ಬೆಕ್ಕಿಗೂ ಬೇರೆ ಬೇರೆ ಪದರ. ನಾನು ಬೆಕ್ಕು ಬರೆದು ಕಳಿಸಿದರೆ, ಮೇಡಂ ಪ್ರತಿ ಬೆಕ್ಕಿನ ಸುತ್ತ ಕಣ್ಣಿಗೆ ಕಾಣದ ಒಂದು ಚೌಕ ಹಾಕುತ್ತಿದ್ದರು. ಬೆರಳು ಆ ಚೌಕದೊಳಗೆ ಬಿದ್ದರೆ ಬೆಕ್ಕು ಸಿಕ್ಕಂತೆ.

ಮೊದಲ ಪೆಟ್ಟು ಗೆರೆಯಿಂದಲೇ ಬಿತ್ತು. ಬೀದಿಯನ್ನು ದೂರದಿಂದ ನೋಡಿ ಬರೆದಿದ್ದೆ, ಬೆಕ್ಕುಗಳನ್ನು ಪರದೆ ಹಿಗ್ಗಿಸಿ ಹತ್ತಿರದಿಂದ ಬರೆದಿದ್ದೆ. ಹಾಗಾಗಿ ಬೆಕ್ಕಿನ ಗೆರೆ ತೆಳ್ಳಗೆ, ಉಳಿದದ್ದೆಲ್ಲ ದಪ್ಪ. ಮೇಡಂ ನೋಡಿದವರೇ ತೆಳ್ಳಗಿರುವುದನ್ನೆಲ್ಲ ಪಟಪಟನೆ ಮುಟ್ಟಿ ಐವತ್ತನ್ನೂ ಎರಡು ನಿಮಿಷದಲ್ಲಿ ಮುಗಿಸಿದರು. ಬೆಕ್ಕುಗಳನ್ನೆಲ್ಲ ಬೀದಿ ಬರೆದ ಬ್ರಶ್ಶಿನಲ್ಲಿ, ಅದೇ ಅಳತೆಯಲ್ಲಿ ಮತ್ತೆ ಬರೆದೆ. ಎರಡನೆಯ ಪೆಟ್ಟು ಫೋನಿನಿಂದ. ಟ್ಯಾಬ್ಲೆಟ್ಟಿನಲ್ಲಿ ಹಿಗ್ಗಿಸಿದಾಗ ಅಂಗೈಯಷ್ಟಿದ್ದ ಬೆಕ್ಕು ಫೋನಿನಲ್ಲಿ ಅಕ್ಕಿ ಕಾಳಿನಷ್ಟಾಯಿತು. ಮತ್ತೆ ಬರೆದೆ. ಇಷ್ಟಕ್ಕೆ ಎರಡು ವಾರ ಹೋಯಿತು.

ಈ ಸಿಟ್ಟಿನಲ್ಲಿ, ಈ ಸಲ ಯಾರೂ ಎರಡು ನಿಮಿಷದಲ್ಲಿ ಮುಗಿಸಬಾರದೆಂದು ಪಣ ತೊಟ್ಟೆ. ನನ್ನೆಲ್ಲ ಹಳೆಯ ವಿದ್ಯೆ ಹೊರಗೆ ಬಂತು. ಲಾರಿಯ ಟಾರ್ಪಾಲಿನ ನಿರಿಗೆಯಲ್ಲಿ ತಲೆಕೆಳಗಾದ ಬೆಕ್ಕು, ಸೈಕಲ್ ಚಕ್ರದ ಕಡ್ಡಿಗಳ ನಡುವೆ ಬರೀ ಮುಖದ ಬೆಕ್ಕು, ಚಹಾದಂಗಡಿಯ ಹೊಗೆಯಲ್ಲೊಂದು ಬೆಕ್ಕು. ಐವತ್ತನೆಯದನ್ನು ಬಲಗಡೆ ಕೆಳಮೂಲೆಯಲ್ಲಿ, ಗೋಣಿಚೀಲಗಳ ರಾಶಿಯಲ್ಲಿ ಇಟ್ಟೆ. ಚೀಲದ ಹೊಲಿಗೆಯೇ ಅದರ ಬಾಯಿ, ಸುಕ್ಕುಗಳೇ ಅದರ ಮೈ. ಬರೆದು ಮುಗಿಸಿ ನಾನೇ ನೋಡಿದರೆ ನನಗೇ ಅರೆಕ್ಷಣ ಕಾಣಲಿಲ್ಲ. ಆ ಖುಷಿಗೆ ಒಂದು ಚಹಾ ಹೆಚ್ಚಿಗೆ ಕುಡಿದೆ.

ಕಂಪನಿಯ ಷರತ್ತು ಸರಳವಾಗಿತ್ತು. ಆಟ ಆಡಿ ಅಭ್ಯಾಸವಿಲ್ಲದ ಹತ್ತು ಜನರ ಕೈಗೆ ಫೋನ್ ಕೊಡಬೇಕು, ಸುಮ್ಮನೆ ಪಕ್ಕದಲ್ಲಿ ಕೂರಬೇಕು, ಏನೂ ಹೇಳಬಾರದು. ಹತ್ತರಲ್ಲಿ ಎಂಟು ಜನ ಕೊನೆಯ ಬೆಕ್ಕಿನವರೆಗೂ ಹೋದರೆ ಚಿತ್ರ ಪಾಸು. ಇದಕ್ಕಾಗಿ ನಾನೂ ಮೇಡಮ್ಮೂ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಡುವೆ ಬಸ್ಸಿನಲ್ಲಿ ಓಡಾಡಿದೆವು. ಬಸ್ಸಿನಲ್ಲಿ ಕುಳಿತವರಿಗೆ ಬಿಡುವಿರುತ್ತದೆ, ಎದ್ದು ಹೋಗಲೂ ಆಗುವುದಿಲ್ಲ. ಸುಮ್ಮನೆ ಕೂರುವುದೇ ನನಗೆ ಕಷ್ಟವಾಗುತ್ತಿತ್ತು. ಜನರ ಬೆರಳು ಬೆಕ್ಕಿನ ಹತ್ತಿರ ಬಂದು ಸರಿದು ಹೋದಾಗ ನನ್ನ ಕುತ್ತಿಗೆ ತಾನಾಗಿ ಮುಂದೆ ಹೋಗುತ್ತಿತ್ತು.

"ಅಣ್ಣಾರ, ಹಿಂದಕ್ಕ ಸರೀರಿ. ನಿಮ್ಮ ಮಾರಿ ನೋಡೇ ಬೆಕ್ಕು ಎಲ್ಲೈತಿ ಅಂತ ಹೇಳಬಹುದು" ಎಂದು ಮೇಡಂ ಗದರಿದರು.

ಹತ್ತರಲ್ಲಿ ಒಬ್ಬರೂ ಮುಗಿಸಲಿಲ್ಲ. ನಲವತ್ತರವರೆಗೆ ನಗುನಗುತ್ತ ಹೋದವರು ಅಲ್ಲಿಂದ ಮುಂದೆ ಹುಬ್ಬು ಗಂಟಿಕ್ಕಿದರು, ಫೋನನ್ನು ಅಡ್ಡಡ್ಡ ತಿರುಗಿಸಿದರು, ಕೊನೆಗೆ ಮರಳಿ ಕೊಟ್ಟು ಕಿಟಕಿಯ ಆಚೆ ನೋಡುತ್ತ ಕುಳಿತರು. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಮ್ಮ ಮಾತ್ರ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ನಲವತ್ತೊಂದು ಬೆಕ್ಕು ಕಂಡಿದ್ದರು. ಫೋನನ್ನು ನನ್ನ ಮಡಿಲಲ್ಲಿ ಇಟ್ಟು, ಮತ್ತೆ ದಾರ ಕೈಗೆತ್ತಿಕೊಂಡರು.

"ಬ್ಯಾಡ ತಮ್ಮಾ. ಇದು ಪರೀಕ್ಷಾ ಆತು. ಸಾಲಿಯಾಗ ನಪಾಸಾಗೇ ಹೂ ಕಟ್ಟಾಕತ್ತೀನಿ, ಮತ್ಯಾಕ ನಪಾಸು ಮಾಡ್ತಿ?"

"ಹಂಗಲ್ಲ ಅವ್ವಾ, ಇನ್ನ ಒಂಬತ್ತ ಅದಾವು..."

"ಇರವಲ್ಲದ್ಯಾಕ. ಆ ಹೊಗಿಯಾಗ ಬೆಕ್ಕು ಯಾಕ ಹೋಗ್ತೈತಿ, ನೀನಽ ಹೇಳು. ಬೆಕ್ಕು ಕುಂದರಾಕ ಒಂದು ಜಾಗ ಇರ್ತೈತಪ್ಪಾ. ನನ್ನ ಬುಟ್ಟಿ ಖಾಲಿ ಆದ ಕೂಡ್ಲೆ ಬಂದು ಅದರಾಗ ಕುಂದರ್ತೈತಿ, ಹೂವಿಗೆ ಹೊಚ್ಚಿದ ಒದ್ದಿ ಅರಬಿ ಇರ್ತಾವಲ್ಲ, ತಂಪಗ."

ಆ ಮಾತು ನನಗೆ ಆಗ ನಾಟಲಿಲ್ಲ. ಚಿತ್ರ ಗೊತ್ತಿಲ್ಲದವರ ಮಾತೆಂದು ಒಳಗೊಳಗೇ ಸಿಡುಕಿಕೊಂಡೆ. ಸಂಜೆಗೆ ಹುಬ್ಬಳ್ಳಿಯ ಫೋನ್ ಬಂತು. ಕಂಪನಿಯವರು ಬೈಯಲಿಲ್ಲ, ಅದೇ ಹೆದರಿಕೆ. ಬೇರೆ ಒಬ್ಬ ಚಿತ್ರಗಾರನ ಕೆಲಸವನ್ನೂ ನೋಡಿದ್ದೇವೆ ಎಂದರು. ಹತ್ತು ದಿನದಲ್ಲಿ ಸಿಂಧನೂರಿನ ಚಿತ್ರ ಸರಿಪಡಿಸಿ, ಮಸ್ಕಿಯದನ್ನೂ ಮುಗಿಸಿ, ಎರಡಕ್ಕೂ ಹತ್ತು ಜನರ ಪರೀಕ್ಷೆ ಮಾಡಿಸಿ ಕಳಿಸಬೇಕು. ಇಲ್ಲವಾದರೆ ಕೆಲಸ ಅವನಿಗೆ. ಫೋನ್ ಇಟ್ಟ ಮೇಲೆ ನನ್ನ ಕಣ್ಣ ಮುಂದೆ ಬಂದದ್ದು ಆ ಏಣಿ.

ಮಾರನೆಯ ಬೆಳಿಗ್ಗೆ ನಾನು ಉಸ್ತಾದರ ಮನೆಗೆ ಹೋದೆ. ಯಾಕೆ ಹೋದೆನೆಂದು ಈಗ ಕೇಳಿದರೆ, ಸಮಾಧಾನ ಬೇಕಾಗಿತ್ತು ಅನ್ನುತ್ತೇನೆ. ನನ್ನ ಚಿತ್ರ ಚೆನ್ನಾಗಿದೆ ಎಂದು ಕೆಲಸ ಬಲ್ಲವರೊಬ್ಬರು ಹೇಳಲಿ ಎಂದಿತ್ತು. ಅವರ ಮುಖ ನೋಡದೆ ಆರು ವರ್ಷವಾಗಿತ್ತು. ಕೈಯಲ್ಲಿ ಕೆಲಸವಿಲ್ಲದ ದಿನಗಳಲ್ಲಿ, ಅವರಿಗೆ ಹೇಳದೆ ಕೇಳದೆ ನಾನು ಫ್ಲೆಕ್ಸ್ ಅಂಗಡಿ ಸೇರಿದ್ದೆ. ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ, ಅಷ್ಟೇ. ಆಮೇಲೆ ಅವರೂ ಅಂಗಡಿ ಮುಚ್ಚಿದರೆಂದು ಕೇಳಿದ್ದೆ. ಎದುರಿಗೆ ಸಿಕ್ಕರೆ ಏನು ಹೇಳಲಿ ಎಂಬ ಅಳುಕಿಗೆ ಅವರ ಓಣಿಯನ್ನೇ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದೆ.

ಉಸ್ತಾದರು ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಬಲಗೈ ಸಣ್ಣಗೆ ನಡುಗುತ್ತಿತ್ತು. ಆ ಕೈ ಒಂದು ಕಾಲಕ್ಕೆ ಏಣಿಯ ತುದಿಯಲ್ಲಿ ನಿಂತು, ಅಳತೆ ದಾರವಿಲ್ಲದೆ ನೇರ ಗೆರೆ ಎಳೆಯುತ್ತಿತ್ತು.

"ಬಂದೇನಲೇ" ಎಂದರು. "ಫ್ಲೆಕ್ಸ್ ಹರದೈತೇನು?"

"ಇಲ್ರಿ ಉಸ್ತಾದ್ರ. ಒಂದು ಚಿತ್ರ ತೋರಸಾಕ ಬಂದೀನಿ."

ಆಟ ಹೇಗೆಂದು ಹೇಳಿಕೊಟ್ಟೆ. ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕೊನೆಗೆ ತೊಡೆಯ ಮೇಲಿಟ್ಟುಕೊಂಡರು. ಮೇಲಿನಿಂದ ನೋಡುತ್ತ ಬರಲಿಲ್ಲ, ಲಾರಿಯನ್ನೂ ನೋಡಲಿಲ್ಲ, ಭತ್ತವನ್ನೂ ನೋಡಲಿಲ್ಲ. ನಡುಗುವ ಬೆರಳು ನೇರವಾಗಿ ಬಲಗಡೆ ಕೆಳಮೂಲೆಗೆ ಹೋಗಿ ಗೋಣಿಚೀಲದ ಮೇಲೆ ಇಳಿಯಿತು. ಹತ್ತು ಜನಕ್ಕೆ ಸಿಗದ ಬೆಕ್ಕಿಗೆ ಬಣ್ಣ ತುಂಬಿಕೊಂಡಿತು. ಮರುಕ್ಷಣ ಬಣ್ಣ ಹೋಯಿತು. ಬೆರಳು ನಡುಗಿ ಎರಡು ಸಲ ಮುಟ್ಟಿದ್ದರಿಂದ ಆಟ ಸಿಕ್ಕ ಬೆಕ್ಕನ್ನು ವಾಪಸು ತೆಗೆದುಕೊಂಡಿತ್ತು. ಅದು ನಮ್ಮ ಪ್ರೋಗ್ರಾಮಿನ ತಪ್ಪು, ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ನಿಮಗ ಹೆಂಗ ಸಿಕ್ತರಿ?" ಎಂದೆ.

"ಹದಿನಾಕು ಬೋರ್ಡಿನ್ಯಾಗ ಇಟ್ಟೀದಿ. ಇದು ಹದಿನೈದನೇದು."

"ಗೊತ್ತಿತ್ತೇನ್ರಿ ನಿಮಗ?"

"ನನ್ನ ಹೆಸರಿನ ಮಗ್ಗಲಾಗ ಬೆಕ್ಕು ಬಂದು ಕುಂತ್ರ ನನಗ ಗೊತ್ತಾಗಂಗಿಲ್ಲೇನು? ಅಷ್ಟೂ ಕುರುಡ ಇದ್ದಿಲ್ಲ ಆಗ."

"ಮತ್ತ ಯಾಕ ಅಳಿಸಲಿಲ್ರಿ?"

ಉಸ್ತಾದರು ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ ಚಿತ್ರದ ಉಳಿದ ಭಾಗವನ್ನು ನಿಧಾನವಾಗಿ ನೋಡಿದರು. ಟಾರ್ಪಾಲಿನ ಬೆಕ್ಕು ಸಿಕ್ಕಿತು, ಹೊಗೆಯ ಬೆಕ್ಕೂ ಸಿಕ್ಕಿತು. ನನ್ನ ಕೈ ಎಲ್ಲಿ ಮೋಸ ಮಾಡುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾನು ಹೊಗಳಿಕೆಗಾಗಿ ಕಾಯುತ್ತಿದ್ದೆ.

"ಇದನ್ನ ಯಾರಿಗೆ ಬರದಿ?" ಎಂದರು.

"ಆಡೋ ಮಂದಿಗ್ರಿ."

"ಇಲ್ಲ. ನನಗ ಹೆದರಿ ಬರದಿ. ಆಗ ನನ್ನ ಕಣ್ಣಿಗೆ ಬೀಳಬಾರದು ಅಂತ ಬಚ್ಚಿಡತಿದ್ದಿ, ಆ ಕೈ ಇನ್ನೂ ಹಂಗ ಐತಿ. ಆ ಮಂದಿ ಏನು ನಿನಗ ಬೈತಾರೇನು? ಪಾಪ, ದುಡದು ಬಂದು ಮನ್ಯಾಗ ಕುಂತಿರ್ತಾರ. ಅವ್ರಿಂದ ಯಾಕ ಬಚ್ಚಿಡ್ತಿ? ಸಿಗಲಿ ಅಂತ ಬಚ್ಚಿಡು."

ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅವರ ಮೇಲೆ ಸಿಟ್ಟು. ಮನೆ ಮುಟ್ಟುವ ಹೊತ್ತಿಗೆ ಸಿಟ್ಟು ಇಳಿದು, ಹೂ ಮಾರುವ ಅಮ್ಮನ ಮಾತು ನೆನಪಾಯಿತು. ಇಬ್ಬರೂ ಹೇಳಿದ್ದು ಒಂದೇ. ಬೆಕ್ಕನ್ನು ನಾನು ಬೆಕ್ಕು ಕೂರುವಲ್ಲಿ ಕೂರಿಸಿರಲಿಲ್ಲ, ತಪ್ಪು ಮಾಡಿದವನು ಅಡಗುವಲ್ಲಿ ಅಡಗಿಸಿದ್ದೆ. ಮೇಡಂಗೆ ಫೋನ್ ಮಾಡಿ, ಐವತ್ತೂ ಬೆಕ್ಕು ಅಳಿಸುತ್ತೇನೆ ಎಂದೆ.

"ಅಣ್ಣಾರ, ಸಿಗಲಾರದವು ಒಂಬತ್ತು. ಅವನ್ನಷ್ಟ ತೆಗದ್ರ ಸಾಕಲ್ಲೇನ್ರಿ? ಐವತ್ತು ಚೌಕ ಮತ್ತ ಹಾಕಬೇಕು ನಾ. ಅದೂ ಒಂಬತ್ತು ದಿನದಾಗ."

"ಒಂಬತ್ತು ತೆಗದ್ರ ಪಾಸು ಆಗಬಹುದ್ರಿ. ಆದ್ರ ಅದು ಆಟ ಆಗಂಗಿಲ್ಲ."

ಇದನ್ನು ಹೇಳುವಾಗ ನನಗೆ ಧೈರ್ಯವೇನೂ ಇರಲಿಲ್ಲ. ಮೇಡಂ ಉಸ್ಸೆಂದು, "ಆತು ಬಿಡ್ರಿ, ಕಳಸ್ರಿ" ಎಂದರು. ಜೊತೆಗೆ ಎರಡು ಸಲ ಮುಟ್ಟಿದರೆ ಬಣ್ಣ ಹೋಗುವ ವಿಷಯವನ್ನೂ ಹೇಳಿದೆ. ಕೈ ನಡುಗುವವರು ಆಡುತ್ತಾರೆಂಬ ಯೋಚನೆಯೇ ತಮಗೆ ಬಂದಿರಲಿಲ್ಲ ಎಂದು ಅವರು ಬೇಸರಪಟ್ಟುಕೊಂಡರು. ಅವತ್ತೇ ಅದನ್ನು ಸರಿಪಡಿಸಿದರು, ಪ್ರತಿ ಚೌಕವನ್ನೂ ಬೆರಳಿನ ಅಗಲಕ್ಕೆ ಹಿಗ್ಗಿಸಿದರು.

ಮೊದಲ ಎರಡು ದಿನ ನಾನು ಪೆನ್ನು ಮುಟ್ಟಲಿಲ್ಲ. ಮಿಲ್ಲಿನ ಬೀದಿಯಲ್ಲಿ ಕುಳಿತು ಬೆಕ್ಕುಗಳನ್ನು ನೋಡಿದೆ. ಈಗಷ್ಟೇ ನಿಂತ ಟ್ರ್ಯಾಕ್ಟರಿನ ಇಂಜಿನ್ನಿನ ಮೇಲೆ ಬೆಕ್ಕು ಹತ್ತಿ ಮಲಗುತ್ತದೆ, ಅಲ್ಲಿ ಬೆಚ್ಚಗಿರುತ್ತದೆ. ತೂಕದ ಯಂತ್ರದ ತಟ್ಟೆಯ ಮೇಲೆ ಮಲಗುತ್ತದೆ, ಹಮಾಲರು ಎತ್ತಿ ಕೆಳಗಿಟ್ಟು ಚೀಲ ಹೇರುತ್ತಾರೆ, ಚೀಲ ಇಳಿಸಿದರೆ ಮತ್ತೆ ಅಲ್ಲಿಗೇ ಬರುತ್ತದೆ. ಹರವಿದ ಭತ್ತದ ಮೇಲೆ ಮಾತ್ರ ಯಾವ ಬೆಕ್ಕೂ ಕೂರುವುದಿಲ್ಲ, ಅದು ಚುಚ್ಚುತ್ತದೆ. ನಲವತ್ತು ವರ್ಷ ಇದೇ ಊರಿನಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ.

ಆಮೇಲೆ ಬರೆಯಲು ಕುಳಿತೆ. ನನಗೆ ನಾನೇ ಎರಡು ಕಟ್ಟುಪಾಡು ಹಾಕಿಕೊಂಡೆ. ಪ್ರತಿ ಬೆಕ್ಕಿಗೂ ಅಲ್ಲಿ ಕೂರಲು ಒಂದು ಕಾರಣವಿರಬೇಕು; ಕಿವಿಯೋ ಬಾಲವೋ ಒಂದಾದರೂ ಸ್ವಚ್ಛವಾಗಿ ಕಾಣಬೇಕು. ಗೋಣಿಚೀಲದ ಬೆಕ್ಕು ಈಗ ಖಾಲಿ ಚೀಲದೊಳಗಿಂದ ಎರಡು ಕಿವಿ ಹೊರಗಿಟ್ಟಿತ್ತು. ಹೊಗೆಯ ಬೆಕ್ಕನ್ನು ಚಹಾದಂಗಡಿಯ ಬೆಂಚಿನ ಕೆಳಗೆ, ಬನ್ನಿನ ಚೂರು ಬೀಳುವ ಕಡೆ ಕೂರಿಸಿದೆ.

ಐದನೆಯ ದಿನ ಮಸ್ಕಿಗೆ ಹೋದೆ. ಗುಡ್ಡದ ಕೆಳಗಿನ ಬಜಾರಿನಲ್ಲಿ ನಿಂತು ಅಂಗಡಿಗಳ ಸಾಲನ್ನು ಗೀಚಿಕೊಳ್ಳುತ್ತಿದ್ದೆ. ಎಲ್ಲ ಕಡೆ ಫ್ಲೆಕ್ಸು, ನಡುವೆ ಒಂದೇ ಒಂದು ತಗಡಿನ ಬೋರ್ಡು, ಮೆಡಿಕಲ್ ಅಂಗಡಿಯದು. ಹದಿನೈದು ವರ್ಷದ ಹಿಂದೆ ನಾನೇ ಬರೆದದ್ದು. ಬಲಗಡೆ ಕೆಳಮೂಲೆಯಲ್ಲಿ ಉಸ್ತಾದರ ಹೆಸರು, ಅದರ ಮಗ್ಗುಲಿಗೆ ಬಳ್ಳಿಯ ಸುರುಳಿಯಲ್ಲಿ ನನ್ನ ಬೆಕ್ಕು. ಹಳೆಯ ಗೆಳೆಯನನ್ನು ಕಂಡಂತಾಗಿ ಹತ್ತಿರ ಹೋದೆ.

ಹತ್ತಿರ ಹೋದಾಗ ಏನೋ ತಪ್ಪಿದೆ ಅನ್ನಿಸಿತು. ಹದಿನೈದು ವರ್ಷದ ಬಿಸಿಲಿಗೆ ಕೆಂಪು ಬಣ್ಣ ಮೊದಲು ಸಾಯುತ್ತದೆ. ಇಲ್ಲಿ ಕೆಂಪು ಇನ್ನೂ ಗಟ್ಟಿಯಾಗಿತ್ತು. ಅಕ್ಷರಗಳ ಮೇಲೆ ಯಾರೋ ಹೊಸದಾಗಿ ಬಣ್ಣ ಕೊಟ್ಟಿದ್ದರು. ಬ್ರಶ್ ಎತ್ತುವಾಗ ಕೊನೆಯಲ್ಲಿ ಕೂದಲೆಳೆಯಷ್ಟು ತೆಳ್ಳಗಾಗುವ ಆ ತುದಿ ಉಸ್ತಾದರದ್ದೇ, ಬೇರೆ ಯಾರಿಗೂ ಅದು ಬರುವುದಿಲ್ಲ. ಬೆಕ್ಕಿಗೂ ಹೊಸ ಬಣ್ಣವಿತ್ತು. ಬರೀ ಬಣ್ಣವಲ್ಲ, ಬೆಕ್ಕಿಗೆ ಮೀಸೆ ಇತ್ತು. ನನ್ನ ಬೆಕ್ಕುಗಳಿಗೆ ಯಾವತ್ತೂ ಮೀಸೆ ಇರಲಿಲ್ಲ. ಉಸ್ತಾದರು ಚಹಾ ಕುಡಿದು ಬರುವಷ್ಟರಲ್ಲಿ ಬರೆಯುತ್ತಿದ್ದ ಬೆಕ್ಕಿಗೆ ಮೀಸೆ ಬರೆಯಲು ಪುರುಸೊತ್ತೆಲ್ಲಿ? ಈ ಬೆಕ್ಕಿಗೆ ಆ ಕಡೆ ಮೂರು, ಈ ಕಡೆ ಮೂರು, ಅಳತೆ ಮಾಡಿದಂಥ ಮೀಸೆಗಳಿದ್ದವು.

ಮೆಡಿಕಲ್ ಅಂಗಡಿಯವರು ನನ್ನ ಗುರುತು ಹಿಡಿದರು. "ನೀವು ಬಿಟ್ಟು ಹೋಗಿ ವರ್ಷ ಆಗಿತ್ತು ನೋಡ್ರಿ, ನಿಮ್ಮ ಉಸ್ತಾದ್ರು ಬಂದು ಹೊಸ ಬಣ್ಣ ಕೊಟ್ಟು ಹೋದ್ರು. ಅದಽ ಅವರ ಕಡೀ ಬೋರ್ಡು. ಕೈ ಆಗಲೇ ನಡಗತಿತ್ತು. ಅಕ್ಷರ ಎಲ್ಲಾ ಮಧ್ಯಾಹ್ನಕ್ಕ ಮುಗೀತು, ಆ ಮೂಲ್ಯಾಗ ಮಾತ್ರ ಸಂಜೀ ತನಕ ಕುಂತಿದ್ರು. ಎಡಗೈಲಿ ಬಲಗೈ ಹಿಡಕೊಂಡು ಬರದ್ರು."

ನಾನು ಆ ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತೆ. ಕಣ್ಣು ತುಂಬಿ ಬಂದವು, ಅದನ್ನು ಇಲ್ಲಿ ಮುಚ್ಚಿಡುವುದೇನಿದೆ. ಬಿಟ್ಟು ಹೋದವನ ಬೆಕ್ಕಿಗೆ ಅವರು ಒಂದು ಸಂಜೆ ಕೊಟ್ಟಿದ್ದರು. ನಾನು ಆರು ವರ್ಷ ಅವರ ಓಣಿ ತಪ್ಪಿಸಿ ಓಡಾಡಿದ್ದೆ.

ಅಲ್ಲಿಂದ ಮುಂದಿನ ದಿನಗಳು ಹೇಗೆ ಹೋದವೋ ಗೊತ್ತಾಗಲಿಲ್ಲ. ನಾನು ಬೆಕ್ಕು ಕಳಿಸುವುದು, ಮೇಡಂ ಚೌಕ ಹಾಕುವುದು, ಮತ್ತೆ ಬಸ್ಸು. ಈ ಸಲ ಜನ ನಲವತ್ತು ದಾಟಿದ ಮೇಲೆಯೂ ನಗುತ್ತಿದ್ದರು. "ಅಯ್ಯ, ಇಲ್ಲೇ ಐತಲ್ಲ" ಎಂಬ ಮಾತು ಮತ್ತೆ ಮತ್ತೆ ಕೇಳಿತು. ಒಬ್ಬರು ತಾವು ಇಳಿಯುವ ಊರು ದಾಟಿ ಹೋಗಿ ಕಂಡಕ್ಟರ್ ಹತ್ತಿರ ಬೈಸಿಕೊಂಡರು. ಹೂ ಮಾರುವ ಅಮ್ಮ ಮಸ್ಕಿಯ ಚಿತ್ರದಲ್ಲಿ ಖಾಲಿ ಬುಟ್ಟಿಯೊಳಗಿನ ಬೆಕ್ಕನ್ನೇ ಮೊದಲು ಮುಟ್ಟಿ, ನನ್ನ ಕಡೆ ನೋಡಿ, ಐವತ್ತನ್ನೂ ಮುಗಿಸಿದ ಮೇಲೆಯೇ ಫೋನ್ ಕೊಟ್ಟರು. ಹತ್ತು ಜನರಲ್ಲಿ ಒಂಬತ್ತು ಜನ ಎರಡೂ ಚಿತ್ರ ಮುಗಿಸಿದರು. ಹತ್ತನೆಯವರಿಗೆ ಅರ್ಧದಲ್ಲೇ ನಿದ್ದೆ ಬಂದಿತ್ತು. ಅದನ್ನೂ ನಮ್ಮ ಕಡೆಗೇ ಬರೆದುಕೊಳ್ಳಬೇಕೆಂದು ಮೇಡಂ ಕಂಪನಿಯವರ ಹತ್ತಿರ ವಾದ ಮಾಡಿದರು.

ಒಪ್ಪಿಗೆ ಬಂದ ದಿನ ಫ್ಲೆಕ್ಸ್ ಅಂಗಡಿಗೆ ಹೋಗಿ ನನ್ನ ಏಣಿಯನ್ನು ಬೇರೆಯವರಿಗೆ ಕೊಡಿರೆಂದು ಹೇಳಿ ಬಂದೆ. ಅಲ್ಲಿಂದ ನೇರವಾಗಿ ಉಸ್ತಾದರ ಮನೆಗೆ ಹೋದೆ. ಅದೇ ಕಟ್ಟೆ, ಅದೇ ಬಿಸಿಲು. ಮಸ್ಕಿಯ ಚಿತ್ರ ತೆಗೆದು ಫೋನನ್ನು ಅವರ ತೊಡೆಯ ಮೇಲಿಟ್ಟೆ.

ಬೆರಳು ಮೊದಲು ಬಲಗಡೆ ಕೆಳಮೂಲೆಗೇ ಹೋಯಿತು. ಅಲ್ಲಿ ಬರೀ ಕಲ್ಲು ಇತ್ತು. ತಲೆ ಎತ್ತಿ ನನ್ನನ್ನು ನೋಡಿದರು.

"ಇಲ್ಲಿ ಇಟ್ಟಿಲ್ಲ."

"ಇಲ್ರಿ."

ಆಮೇಲೆ ಅವರು ಎಲ್ಲರಂತೆ ಹುಡುಕಿದರು. ಸಿಕ್ಕಾಗ ಮೂಗಿನಲ್ಲೇ ನಕ್ಕರು. ತರಕಾರಿ ಗಾಡಿಯ ಕೆಳಗಿನದು ಸಿಕ್ಕಿತು, ಗುಡ್ಡದ ಮೆಟ್ಟಿಲ ನೆರಳಿನದು ಸಿಕ್ಕಿತು. ನಾನು ಕುತ್ತಿಗೆ ಮುಂದೆ ಹಾಕದೆ ಸುಮ್ಮನೆ ಕುಳಿತಿದ್ದೆ. ನಲವತ್ತೊಂಬತ್ತು ಮುಗಿದವು. ಕೊನೆಯದು ಬಜಾರಿನ ನಡುಮಧ್ಯದಲ್ಲಿ, ಎಲ್ಲರಿಗೂ ಕಾಣುವಂತೆ, ಮೆಡಿಕಲ್ ಅಂಗಡಿಯ ತಗಡಿನ ಬೋರ್ಡಿನ ಮೇಲಿತ್ತು. ಅವರ ಬೆರಳು ಅದರ ಮೇಲೆ ಬಂದು ಗಾಳಿಯಲ್ಲೇ ನಿಂತಿತು. ಆ ಬೆಕ್ಕನ್ನು ನಾನು ಇದ್ದದ್ದು ಇದ್ದಂತೆ ಇಳಿಸಿದ್ದೆ, ಆ ಕಡೆ ಮೂರು, ಈ ಕಡೆ ಮೂರು.

ಬಹಳ ಹೊತ್ತು ನೋಡಿದರು.

"ಇದು ನಿಂದಲ್ಲ" ಎಂದರು.

"ಅಲ್ರಿ ಉಸ್ತಾದ್ರ."

"ಮಸ್ಕಿಗೆ ಹೋಗಿದ್ದೇನು?"

"ಹೋಗಿದ್ದೆರಿ."

ಅವರು ಓಣಿಯ ಕಡೆ ನೋಡಿದರು. ನಾನು ಆರು ವರ್ಷ ತಪ್ಪಿಸಿಕೊಂಡು ತಿರುಗಿದ್ದ ಓಣಿ ಅದು.

"ಮೀಸಿ ಇಲ್ಲದ ಹಂಗ ಬಿಟ್ಟು ಹೋಗಿದ್ದಿಯಲ್ಲ, ಪಾಪ" ಎಂದರು. "ಹಂಗ ಬಿಡಾಕ ನನಗ ಮನಸ್ಸಾಗಲಿಲ್ಲ."

ಉಸ್ತಾದರು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬೆರಳನ್ನು ಇಳಿಸಿದರು. ಆದರೂ ಅದು ನಡುಗಿ ಎರಡು ಸಲ ಮುಟ್ಟಿತು. ಬೆಕ್ಕಿಗೆ ಕೆಂಪು ಬಣ್ಣ ತುಂಬಿಕೊಂಡಿತು, ಈ ಸಲ ಹೋಗಲಿಲ್ಲ.